ತೋಟದಂಚಿನ ಜಾಗ

ಇಂಗ್ಲೆಂಡಿನ ಕಾಲುವೆಗಳ ಮೇಲೆ ದೋಣಿಯನ್ನೇ ಮನೆ ಮಾಡಿಕೊಂಡವರಿಗೆ ಒಂದು ಶಾಪವಿದೆ. ದೋಣಿಯನ್ನು ದಡಕ್ಕೆ ಕಟ್ಟಿ ನಿಲ್ಲಿಸಲು ಸ್ವಂತ ಜಾಗವಿಲ್ಲದಿದ್ದರೆ, ಕಾನೂನಿನ ಪ್ರಕಾರ ಎರಡು ವಾರಕ್ಕೊಮ್ಮೆ ಮುಂದಕ್ಕೆ ಹೋಗಲೇಬೇಕು. ನೋರಿಸ್‌ಗೆ ಇಪ್ಪತ್ತು ವರ್ಷ ಅದು ಶಾಪವೆನಿಸಿರಲಿಲ್ಲ. ಹೆಂಡತಿ ಥೆಲ್ಮಾಳ ಮೂತ್ರಪಿಂಡ ಕೈಕೊಟ್ಟ ಮೇಲೆ ಅನಿಸಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಇದ್ದಲ್ಲೇ ಇರುತ್ತದೆ, ದೋಣಿ ಇರುವುದಿಲ್ಲ.

ಜಾಗ ಹುಡುಕಿ ಹುಡುಕಿ ಅವನ ಬೂಟು ಸವೆಯಿತು. ಖಾಲಿಯಾದ ಜಾಗಗಳೆಲ್ಲ ಹರಾಜಿನಲ್ಲಿ ದುಡ್ಡಿದ್ದವರ ಪಾಲಾದವು. ಕೊನೆಗೆ ಪಾರ್ಜಿಟರ್ ಎಂಬ ವಿಧವೆ, ಆಸ್ಪತ್ರೆಗೆ ಕೂಗಳತೆಯಲ್ಲಿ, ಕಾಲುವೆಗೆ ತಾಗಿದ್ದ ತನ್ನ ತೋಟದ ಅಂಚನ್ನು ಕೊಡಲು ಒಪ್ಪಿದಳು. ದೋಣಿಯ ಬಾಗಿಲ ಮೇಲೆ ಬರೆದಿದ್ದ ಗುಲಾಬಿಗಳನ್ನು ಕಂಡು ಆಕೆ ಕರಗಿದ್ದಳು.

"ವರ್ಷದ ಬಾಡಿಗೆ ಮೊದಲೇ ಕೊಡ್ಬೇಕು. ಆರು ಸಾವಿರ ಪೌಂಡು. ಮಧ್ಯದಲ್ಲಿ ಬಿಟ್ಟು ಹೋದ್ರೆ ವಾಪಸ್ ಕೇಳೋ ಹಾಗಿಲ್ಲ."

ಅಷ್ಟು ದುಡ್ಡು ಹುಟ್ಟಬೇಕಾದರೆ ಇದ್ದ ದಾರಿ ಒಂದೇ. ದೋಣಿಯ ಎಂಜಿನ್ ಅಜ್ಜನ ಕಾಲದ್ದು, ಅಂಥದಕ್ಕೆ ಜೀವ ಬಿಡುವ ಹುಚ್ಚರು ಕಾಲುವೆಯುದ್ದಕ್ಕೂ ಇದ್ದಾರೆ.

"ಎಂಜಿನ್ನೇ ಮಾರ್ತೀಯಾ?" ಎಂದಳು ಥೆಲ್ಮಾ.

"ಇನ್ನೆಲ್ಲಿಗೆ ಹೋಗ್ಬೇಕು ಕಣೇ ನಾವು? ನಿಂತ ದೋಣಿಗೆ ಎಂಜಿನ್ ಯಾಕೆ?"

"ಸದ್ಯ, ನನ್ನನ್ನ ಮಾರ್ಲಿಲ್ವಲ್ಲ."

"ನಿನಗೆ ಅಷ್ಟು ಯಾರು ಕೊಡ್ತಾರೆ?"

ಇಬ್ಬರೂ ನಕ್ಕರು. ದೋಣಿಯನ್ನು ತೋಟದಂಚಿಗೆ ತಂದು ಕಟ್ಟಿದ ದಿನವೇ ಎಂಜಿನ್ ಕೊಂಡವನು ಅದನ್ನು ಎತ್ತಿಸಿಕೊಂಡು ಹೋದ. ದುಡ್ಡು ಪಾರ್ಜಿಟರ್ ಕೈ ಸೇರಿತು.

ಮರುದಿನ ಬೆಳಿಗ್ಗೆ ಆಕೆ ಹುಲ್ಲು ತುಳಿದುಕೊಂಡು ಬಂದಳು.

"ಹೊಗೆ ಯಾಕೆ ಬರ್ತಿದೆ?"

"ಚಳಿ ಅಲ್ವಾ ಮೇಡಂ. ಒಲೆ ಹಚ್ಚಿದೀವಿ."

"ಅಂದ್ರೆ ರಾತ್ರಿ ಇಲ್ಲೇ ಮಲಗಿದ್ರಾ?"

"ಇನ್ನೆಲ್ಲಿ ಮಲಗೋದು? ಇದೇ ನಮ್ಮನೆ."

"ನಾನು ಜಾಗ ಕೊಟ್ಟಿದ್ದು ದೋಣಿಗೆ, ನಿಮ್ಮ ಸಂಸಾರಕ್ಕಲ್ಲ. ಕಿಟಕಿಯಿಂದ ನೋಡೋಕೆ ಚೆನ್ನಾಗಿರತ್ತೆ ಅಂತ."

ನೋರಿಸ್ ಮೊದಲೇ ಕೇಳಬೇಕಿತ್ತು. ಆದರೆ ಇಷ್ಟು ಕಾಲ ನೀರ ಮೇಲೆ ಸಂಸಾರ ಮಾಡಿದವನಿಗೆ, ಯಾರೂ ವಾಸಿಸದ ದೋಣಿಯೂ ಇರಬಹುದೆಂದು ಹೊಳೆಯಲೇ ಇಲ್ಲ. ಅವನು ಆಸ್ಪತ್ರೆಯ ಕಥೆ ಹೇಳಿದ, ಅಂಗಲಾಚಿದ. ಕೊನೆಗೆ ದುಡ್ಡನ್ನಾದರೂ ಕೊಡಿ ಎಂದ.

"ಬಿಟ್ಟು ಹೋದ್ರೆ ವಾಪಸ್ ಇಲ್ಲ ಅಂದಿದ್ದೆನಲ್ಲ. ದೋಣಿ ಬೇಕಾದ್ರೆ ಇರಲಿ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಶನಿವಾರದೊಳಗೆ ನೀವು ಬೇರೆ ಕಡೆ ನೋಡ್ಕೊಳ್ಳಿ."

ಶನಿವಾರ ನೋರಿಸ್ ಆಚೆ ದಡಕ್ಕೆ ಹಗ್ಗ ಒಯ್ದು ಹೆಗಲಿಗೆ ಹಾಕಿಕೊಂಡ. ಥೆಲ್ಮಾ ಕಂಬಳಿ ಹೊದ್ದು ಚುಕ್ಕಾಣಿ ಹಿಡಿದಳು. ದೋಣಿ ಇಂಚಿಂಚಾಗಿ ಕದಲಿತು. ತೋಟದಲ್ಲಿ ಪಾರ್ಜಿಟರ್ ನೆಂಟರಿಗೆ ಚಹಾ ಕೊಡುತ್ತಿದ್ದಳು.

"ನೋಡಿ, ಹಿಂದೆಲ್ಲ ಕುದುರೆಗಳು ಹೀಗೇ ಎಳೀತಿದ್ವು," ಎಂದವಳು ನೋರಿಸ್‌ನತ್ತ ಫೋನು ಎತ್ತಿದಳು. "ಒಂದು ನಿಮಿಷ ನಿಲ್ಲಿ. ಒಂದು ಫೋಟೋ."

ನೋರಿಸ್ ನಿಂತ. ನಿಂತದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಆಸ್ಪತ್ರೆ ಆ ಕಡೆ ಅಲ್ವಾ ನೋರಿಸ್?" ಥೆಲ್ಮಾ ಮೆಲ್ಲಗೆ ಕೇಳಿದಳು.

"ಹೌದು," ಎಂದ. ಆ ಕಡೆ ದೋಣಿ ಕಟ್ಟಲು ಒಂದು ಗೇಣು ಜಾಗವೂ ಖಾಲಿ ಇರಲಿಲ್ಲ. ಹಗ್ಗ ಬಿಗಿ ಮಾಡಿ ಎದುರು ದಿಕ್ಕಿಗೇ ಎಳೆದ.