ಬಸ್ಸು ತೊಳೆಯುವವರು ಮನೆ ತೊಳೆದಾಗ

ಶುಕ್ರವಾರ ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತು, ಇನ್ನು ಮೇಲೆ ವಾಕರ್ ಹಿಡಿದೇ ನಡೆಯಬೇಕು. ಮುಂಬಾಗಿಲಿಗೆ ಒಂಬತ್ತು ಮೆಟ್ಟಿಲು, ಅದು ಆಗದ ಮಾತು. ಹಿಂಬಾಗಿಲಿಗೆ ಮರದ ಹಲಗೆ ಜೋಡಿಸಿದ ಅಗಲವಾದ ಜಗಲಿಯಿತ್ತು, ಹತ್ತಲು ಒಂದೇ ಮೆಟ್ಟಿಲು. ಆದರೆ ಹಲಗೆಗಳಿಗೆಲ್ಲ ಪಾಚಿ ಹಿಡಿದು, ಬೆಕ್ಕು ಕೂಡ ಯೋಚಿಸಿ ಕಾಲಿಡುವ ಹಾಗಿತ್ತು.

"ದಾರಿ ಸರಿಯಿಲ್ಲ ಅಂದ್ರೆ ಮೊದಲೇ ಹೇಳಿಬಿಡಿ. ಇನ್ನೊಂದೆರಡು ತಿಂಗಳು ಆರೈಕೆ ಕೇಂದ್ರದಲ್ಲಿ ಇರಲಿ," ಎಂದಿದ್ದರು ನರ್ಸ್. ಅದನ್ನು ಕೇಳಿದ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು.

ಮಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವರು. ಬೀದಿಗೆಲ್ಲ ಅವರು ಡಿಪೋ ಅಣ್ಣ. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಪಾಚಿ ತೆಗೆಯುವುದು ಹೇಗೆಂದು ಆಕೆ ಕಂಡಕಂಡವರನ್ನೆಲ್ಲ ಕೇಳಿದರು, ಕೇಳಿದ್ದೇ ತಪ್ಪಾಯಿತು. ಬಲಗಡೆ ಮನೆಯವರು ಬ್ಲೀಚ್ ಸುರಿಯಿರಿ ಎಂದರು. ಎಡಗಡೆಯವರು ಬ್ಲೀಚ್ ಮುಟ್ಟಲೇಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಿ ಎಂದರು. ಓರಗಿತ್ತಿ, "ಅದರ ಮೇಲೇ ಬಣ್ಣ ಹೊಡೀರಿ, ಯಾರಿಗೆ ಕಾಣುತ್ತೆ?" ಎಂದಳು. ಫೋನಿನ ವಿಡಿಯೊಗಳಂತೂ ಒಂದು ಹೇಳಿದ್ದನ್ನು ಇನ್ನೊಂದು ಹೇಳುತ್ತಿರಲಿಲ್ಲ.

"ನನಗಂತೂ ತಲೆ ಕೆಟ್ಟುಹೋಯ್ತು. ಮನೆ ತೊಳೆಯೋಕಂತಲೇ ಕಲಿತವರು ಇದಾರಂತೆ, ಬಟ್ಟೆ ಕೊಡೋಕೆ ಬಂದವರು ನಂಬರ್ ಕೊಟ್ಟಿದಾರೆ," ಎಂದರು ಆಕೆ.

"ದಿನಕ್ಕೆ ನಲವತ್ತು ಬಸ್ಸು ತೊಳೀತೀನಿ ಕಣೇ. ಮನೆ ಅಂದ್ರೇನು, ಓಡದೇ ಇರೋ ಬಸ್ಸು. ಅದಕ್ಕೆ ಹೊರಗಿನವರು ಬೇಕಾ?"

ಭಾನುವಾರ ಅವರು ನೀರನ್ನು ಜೋರಾಗಿ ಚಿಮ್ಮಿಸುವ ಪ್ರೆಶರ್ ಯಂತ್ರವೊಂದನ್ನು ಬಾಡಿಗೆಗೆ ತಂದರು. ಬಸ್ಸಿನ ಅಡಿಯ ಕೆಸರು ಕೀಳಲು ಬಳಸುವಂಥ, ಸೂಜಿಯ ಹಾಗೆ ನೀರು ಬಿಡುವ ಮೂತಿಯನ್ನೇ ಹಾಕಿದರು. ಜಗಲಿಯ ಪಾಚಿ ಹಾರಿಹೋಗಿ ಬೆಳ್ಳನೆಯ ಪಟ್ಟೆಗಳು ಎದ್ದವು. ಹೆಂಡತಿ ಅಂಗೈಯಿಂದ ಸವರಿ ನೋಡಿದರೆ ಸಿಬಿರು ಚುಚ್ಚಿತು.

"ರೀ, ಇದು ಚೊಕ್ಕಟವಾಗಿದೆಯಾ, ಹಾಳಾಗಿದೆಯಾ?"

"ಒಣಗಲಿ, ಗೊತ್ತಾಗುತ್ತೆ," ಎಂದರು. ಅವರಿಗೂ ಗೊತ್ತಾಗಿರಲಿಲ್ಲ. ಗೊಂದಲ ಮರೆಯಲು ಎಂಬಂತೆ ನೆಲದ ಮೇಲೇ ನಿಂತು, ಪಾಚಿಗಟ್ಟಿದ್ದ ಚಾವಣಿಯ ಹೆಂಚಿನ ಕಡೆ ನೀರು ಹಾರಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು.

"ರೀ, ಅತ್ತೆ ಕೋಣೆ ಸೋರ್ತಾ ಇದೆ."

"ಮಳೆ ಎಲ್ಲಿದೆಯೇ? ಬಿಸಿಲು ಸುಡ್ತಾ ಇದೆ."

"ಅದನ್ನೇ ನಾನೂ ಕೇಳ್ತಿರೋದು."

ಅಮ್ಮನಿಗಾಗಿ ಹಾಸಿಟ್ಟಿದ್ದ ಹೊಸ ಹಾಸಿಗೆ ಒದ್ದೆಯಾಗಿತ್ತು. ಡಿಪೋ ಅಣ್ಣ ಯಂತ್ರ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, "ಆ ನಂಬರ್ ಇದೆಯಾ?" ಎಂದರು.

ಸೋಮವಾರ ಮನೆ ತೊಳೆಯುವಾಕೆ ಬಂದರು. ನಡುವಯಸ್ಸು, ಮೊಣಕಾಲುದ್ದದ ರಬ್ಬರ್ ಬೂಟು. ಯಂತ್ರವನ್ನು ಗಾಡಿಯಿಂದ ಇಳಿಸುವ ಮೊದಲೇ ಮನೆಯ ಸುತ್ತ ಎರಡು ಸುತ್ತು ಬಂದು, ಜಗಲಿಯ ಮುಂದೆ ನಿಂತರು. ತಪ್ಪು ಯಾರದೆಂದು ಕೇಳಲಿಲ್ಲ. "ಕೈ ಪಳಗಿದವರು ಮಾಡಿದ ಕೆಲಸ. ಗೆರೆ ಒಂದೂ ಡೊಂಕಿಲ್ಲ," ಎಂದರು. ಡಿಪೋ ಅಣ್ಣ ಆಗ ತಲೆಯೆತ್ತಿದರು.

"ದಿನಾ ಬಸ್ಸು ತೊಳೆಯೋನು ನಾನು. ಹಾಗಾದ್ರೆ ಮರ ಸಿಬಿರೆದ್ದು, ಹೆಂಚು ತೊಳೆದ್ರೆ ಕೋಣೆ ಸೋರಿತಲ್ಲ, ತಪ್ಪಾಗಿದ್ದೆಲ್ಲಿ?"

"ಬಸ್ಸು ತಗಡು, ಅಣ್ಣ. ಮರಕ್ಕೆ ಅಷ್ಟು ಜೋರಾಗಿ ಬಿಟ್ರೆ ಮೆತ್ತಗಿರೋ ನಾರೆಲ್ಲ ಕಿತ್ತು ಬರುತ್ತೆ. ಹೆಂಚಿನ ಮೇಲೆ ಮಳೆ ಕೆಳಮುಖವಾಗಿ ಇಳಿಯುತ್ತೆ. ನೀವು ಕೆಳಗಿಂದ ಹೊಡೆದ್ರಿ, ಸಂದಿಯಲ್ಲಿ ನುಗ್ಗಿ ಒಳಗೆ ಬಂತು."

"ಮೆಲ್ಲಗೆ ಬಿಟ್ರೆ ಪಾಚಿ ಹೋಗುತ್ತಾ? ನಂಬಿಕೆ ಬರಲ್ಲ."

"ನಂಬಬೇಡಿ, ನೋಡಿ."

ಆಕೆ ಮೊದಲು ಹೊರಗಿನ ಸ್ವಿಚ್ಚುಗಳಿಗೆ ಪ್ಲಾಸ್ಟಿಕ್ ಕಟ್ಟಿದರು, ಕಿಟಕಿ ಮುಚ್ಚಿಸಿದರು, ಮದ್ದು ತಾಗಿದರೂ ಸುಡದಿರಲೆಂದು ಗಿಡಗಳಿಗೆ ಬರೀ ನೀರು ಕುಡಿಸಿದರು. ಚಾವಣಿಗೆ ಪಾಚಿಮದ್ದನ್ನು ಮೆಲ್ಲಗೆ ಸಿಂಪಡಿಸಿ, ಏಣಿ ಇಳಿದುಬಿಟ್ಟರು.

"ಆಯ್ತು," ಎಂದರು.

"ಏನಾಯ್ತು? ಹಸಿರು ಹಾಗೇ ಇದೆಯಲ್ಲ," ಎಂದರು ಹೆಂಡತಿ.

"ಬುಡ ಸಾಯೋಕೆ ಎರಡು ಮೂರು ವಾರ ಬೇಕಮ್ಮ. ಆಮೇಲೆ ಒಣಗಿ ತಾನೇ ಉದುರುತ್ತೆ. ಇವತ್ತೇ ಕಿತ್ತರೆ ಹೆಂಚಿನ ಮೈಯೂ ಹೋಗುತ್ತೆ."

ಗೋಡೆಗೆ ಕೆಳಗಿನಿಂದ ಮೇಲಕ್ಕೆ ಸೋಪು ಹಚ್ಚಿ, ಮೇಲಿನಿಂದ ಕೆಳಕ್ಕೆ ತೊಳೆದರು. ಜಗಲಿಯ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ ನೋಡಿದರು. ಆಮೇಲೆ ಬೀಸಣಿಗೆಯಂತೆ ಹರಡುವ ಮೂತಿ ಹಾಕಿ, ಮರದ ನಾರಿನ ಜಾಡು ಹಿಡಿದು ದೂರದಿಂದ ನೀರು ಬಿಟ್ಟರು. ಪಟ್ಟೆಗಳ ನಡುವೆ ಉಳಿದಿದ್ದ ಪಾಚಿ, ನಾರು ಕೀಳದೆಯೇ ಹೋಯಿತು. ನಡುವೆ ನಿಲ್ಲಿಸಿ, ಹಿಡಿಯನ್ನು ಡಿಪೋ ಅಣ್ಣನ ಕೈಗೇ ಕೊಡುವ ಮೊದಲು ಎಚ್ಚರಿಸಿದರು.

"ಚಪ್ಪಲಿ ಬಿಟ್ಟು ಬೂಟು ಹಾಕ್ಕೊಂಡು ಬನ್ನಿ. ಈ ನೀರು ಚರ್ಮ ಸೀಳುತ್ತೆ. ಗಾಯ ಸೂಜಿಮೊನೆಯಷ್ಟೇ ಕಂಡ್ರೂ ಆಸ್ಪತ್ರೆಗೆ ಓಡಬೇಕಾಗುತ್ತೆ."

ಎರಡು ದಿನ ಒಣಗಲು ಬಿಟ್ಟು, ಗುರುವಾರ ಅದೇ ಆಕೆ ಮತ್ತೆ ಬಂದರು. ಡಿಪೋ ಅಣ್ಣನ ಜೊತೆ ಕೂತು, ಎದ್ದಿದ್ದ ಸಿಬಿರನ್ನೆಲ್ಲ ಉಜ್ಜುಕಾಗದದಿಂದ ನಯ ಮಾಡಿದರು. ಹೋಗುವಾಗ ಬರಿಗಾಲಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ತಾವೇ ನಡೆದು ನೋಡಿದರು.

ಶುಕ್ರವಾರ ಅಮ್ಮ ಬಂದರು. ಮೆಟ್ಟಿಲಿನವರೆಗೆ ಚೆನ್ನಾಗಿಯೇ ನಡೆದವರು ಅಲ್ಲಿ ನಿಂತರು. ಕಾಲು ಮೇಲೇಳಲಿಲ್ಲ.

"ನೋವಾ ಅಮ್ಮ?"

"ಇಲ್ಲಪ್ಪ. ಮೆಟ್ಟಿಲೆಲ್ಲಿ? ಮೊದಲು ಅಂಚಲ್ಲಿ ಕಪ್ಪಗಿರ್ತಿತ್ತು, ಅದನ್ನ ನೋಡಿ ಕಾಲಿಡ್ತಿದ್ದೆ. ಈಗ ಎಲ್ಲ ಒಂದೇ ಬಣ್ಣ."

ಕೊಳೆಯನ್ನೇ ಗುರುತು ಮಾಡಿಕೊಂಡಿದ್ದ ಕಣ್ಣನ್ನು ಚೊಕ್ಕಟತನ ದಾರಿ ತಪ್ಪಿಸಿತ್ತು. ಸೊಸೆ ಕುರ್ಚಿ ತಂದು ಅತ್ತೆಯನ್ನು ಕೂರಿಸಿದರು. ಡಿಪೋ ಅಣ್ಣ ಏನೋ ಹೊಳೆದವರಂತೆ ಸೈಕಲ್ ಹತ್ತಿ ಹೋಗಿ, ಅಂಗಡಿಯಿಂದ ಒರಟು ಮೈಯ ಹಳದಿ ಪಟ್ಟಿಯೊಂದನ್ನು ತಂದರು. ಮಂಡಿಯೂರಿ ಮೆಟ್ಟಿಲಿನ ಅಂಚಿಗೆ ಅದನ್ನು ಅಂಟಿಸಿದರು.

"ಬಸ್ಸಿನ ಮೆಟ್ಟಿಲಿಗೆ ಹಾಕೋದು ಅಮ್ಮ. ಕಾಣುತ್ತಾ?"

"ಕಾಣುತ್ತೆ," ಎಂದರು ಅಮ್ಮ. ಸೊಸೆ ಬೆನ್ನಿಗೆ ಕೈ ಕೊಟ್ಟರು. ಮೊದಲು ವಾಕರ್, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಜಗಲಿ ದಾಟಿ ಹೊಸ್ತಿಲು ಮುಟ್ಟಿದ ಮೇಲೆ ಅಮ್ಮ ತಿರುಗಿ, "ಟಿಕೆಟ್ ಕೇಳ್ಬೇಡ ಮತ್ತೆ," ಎಂದು ಒಳಗೆ ಹೋದರು.

ಇದನ್ನು ಓದುತ್ತಿರುವ ನೀವು, ಕಾಗದ ಮಡಚಿಟ್ಟು ಒಮ್ಮೆ ಹೊರಗೆ ಹೋಗಿ ನಿಮ್ಮ ಮೆಟ್ಟಿಲು, ಜಗಲಿ, ಚಾವಣಿ ನೋಡಿ. ಪಾಚಿಯಿದ್ದರೆ ಯಾರಾದರೂ ಜಾರುವವರೆಗೆ ಕಾಯಬೇಡಿ. ಕೆಲಸ ಬಲ್ಲವರನ್ನು ಕರೆಸಿ. ಹೆಂಚಿಗೆ ಮದ್ದನ್ನು ಮೆಲ್ಲಗೆ ಸಿಂಪಡಿಸುತ್ತೀರಾ, ಮೂಲೆಯಲ್ಲಿ ಪರೀಕ್ಷೆ ಮಾಡಿ ತೋರಿಸುತ್ತೀರಾ, ಏನಾದರೂ ಹಾಳಾದರೆ ಹೊಣೆ ಯಾರದು ಎಂದು ಕೇಳಿ. ಬಾಡಿಗೆ ಯಂತ್ರ ಹಿಡಿದು ಏಣಿ ಹತ್ತಬೇಡಿ. ಹತ್ತು ಜನ ಹತ್ತು ಮಾತು ಹೇಳಿ ದಿಕ್ಕು ತೋಚದಿದ್ದರೆ ಅದರಲ್ಲಿ ನಾಚಿಕೆಯಿಲ್ಲ, ತಿಳಿದವರೊಬ್ಬರನ್ನು ಕೇಳಿ. ತೊಳೆದು ಮುಗಿದ ಮೇಲೆ, ಆ ದಾರಿಯಲ್ಲಿ ನಡೆಯಬೇಕಾದವರನ್ನೂ ಮರೆಯದೆ ಕೇಳಿ: "ಕಾಣುತ್ತಾ?"