ಶನಿವಾರದ ಹೊಡೆತ

ರೇಣುಕಾದೇವಿ ಗಂಡನ ಎಡಗೈ ಬೆರಳು ಬಿಡಿಸಲು ನೋಡಿದರು. ಬರಲಿಲ್ಲ. ತುಸು ಬಲ ಹಾಕಿ ಇನ್ನೊಮ್ಮೆ ನೋಡಿದರು. ಬೆರಳುಗಳು ಗಾಲ್ಫ್ ಕೋಲಿನ ಹಿಡಿಗೆ ಸುತ್ತಿಕೊಂಡು ಗಟ್ಟಿಯಾಗಿ ಕೂತಿದ್ದವು. ಕರಬಸಪ್ಪನವರು ರೇಷ್ಮೆ ಶಲ್ಯ ಹೊದ್ದು, ಹಣೆ ತುಂಬ ವಿಭೂತಿ ಧರಿಸಿ, ಶವಪೆಟ್ಟಿಗೆಯಲ್ಲಿ ಎರಡೂ ಕೈಯಿಂದ ಆ ಕೋಲು ಹಿಡಿದುಕೊಂಡು ಮಲಗಿದ್ದರು.

"ಇದನ್ಯಾರ ಕೊಟ್ರು ಇವರ ಕೈಯಾಗ?"

ಅಮೆರಿಕದ ಜಾರ್ಜಿಯಾದ ಲಾರೆನ್ಸ್‌ವಿಲ್‌ನ ಹೆಣ ಅಣಿಮಾಡಿ ಕೊಡುವ ಫ್ಯೂನರಲ್ ಹೋಮಿನ ಆ ಹಾಲಿನಲ್ಲಿ ಸೇರಿದ್ದವರೆಲ್ಲ ಮಗ ಸೌರಭನ ಮುಖ ನೋಡಿದರು. ಅವನು ಇಲ್ಲೇ ಹುಟ್ಟಿ ಬೆಳೆದವನು, ಈಗ ವರ್ಜೀನಿಯಾದ ಆಲ್ಡಿಯಲ್ಲಿ ಮನೆ ಮಾಡಿದ್ದಾನೆ. ಅಪ್ಪ ಹೋದ ಸುದ್ದಿ ಕೇಳಿ ಹೆಂಡತಿ ಸ್ಮಿತಾಳ ಜೊತೆ ಓಡಿ ಬಂದಿದ್ದ.

"ಅಮ್ಮ, ಆ ಲೇಡಿ ಫೋನಲ್ಲಿ ಕೇಳಿದ್ರು, ಅಪ್ಪಾಜಿಗೆ ಏನು ತುಂಬ ಇಷ್ಟ ಅಂತ. ನಾನು ಗಾಲ್ಫ್ ಅಂದೆ. ಒಂದು ಕ್ಲಬ್ ತನ್ನಿ ಅಂದ್ರು. ಸೈಡಲ್ಲಿ ಇಡ್ತಾರೆ ಅಂದುಕೊಂಡೆ. ಹೀಗೆ ಮಾಡ್ತಾರೆ ಅಂತ ಐ ಹ್ಯಾಡ್ ನೋ ಐಡಿಯಾ."

ಆ ಲೇಡಿ, ಫ್ಯೂನರಲ್ ಹೋಮಿನ ಕಪ್ಪು ಕೋಟಿನವರು, ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತಿದ್ದರು. ಪಾಪ, ಯಾರಾದರೂ ಬಂದು ಥ್ಯಾಂಕ್ಸ್ ಹೇಳುತ್ತಾರೆಂದು ಕಾಯುತ್ತಿದ್ದರು.

ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿ, ಅವರು ಬದುಕಿಡೀ ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುವುದು ವಾಡಿಕೆ. ಕೂರಿಸುವುದಕ್ಕೆ ಇಲ್ಲಿಯ ಸ್ಮಶಾನದವರು ಸುತರಾಂ ಒಪ್ಪಿರಲಿಲ್ಲ. ಮಲಗಿಸಿಯೇ ಆಗಲಿ, ಅಂಗೈಯಲ್ಲಿ ಲಿಂಗವಿದ್ದರೆ ಸಾಕು ಎಂದು ಶರಣಯ್ಯನವರು ಸಮಾಧಾನ ಹೇಳಿದ್ದರು. ಈ ಶರಣಯ್ಯನವರು ಷಾರ್ಲಟ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಜಂಗಮರು. ಜಾರ್ಜಿಯಾ, ಕ್ಯಾರೊಲಿನಾ ಎಲ್ಲ ಕಡೆಯ ಲಿಂಗವಂತರಿಗೆ ಮದುವೆ, ತೊಟ್ಟಿಲು, ಮಣ್ಣು ಎಲ್ಲಕ್ಕೂ ಅವರೇ ಬರಬೇಕು. ಆದರೆ ಸತ್ತವರು ಕೈಯಲ್ಲಿ ಗಾಲ್ಫ್ ಕೋಲು ಹಿಡಿದಿದ್ದರೆ ಏನು ಮಾಡಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ.

ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ರೇಣುಕಾದೇವಿ ಬಗ್ಗಿ ಆ ಕೋಲನ್ನು ನೋಡಿದರು. ತುದಿಯ ಕಬ್ಬಿಣದ ತಲೆಗೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಅಂಗಡಿಯಲ್ಲಿ ಹಾಕಿದ್ದು, ಒಂದು ಕಡೆಯೂ ಹರಿದಿರಲಿಲ್ಲ.

"ಇದು ಹೊಸಾದು," ಎಂದರು.

"ಅತ್ತೆ, ಗರಾಜಲ್ಲಿರೋ ಬ್ಯಾಗಲ್ಲಿ ಎಲ್ಲಾನೂ ಹಾಗೇ ಇದೆ," ಎಂದಳು ಸ್ಮಿತಾ. "ನಿನ್ನೆ ಚೇರ್ ಹುಡುಕೋವಾಗ ನೋಡಿದೆ. ಮಾವ ನೀಟಾಗಿ ಇಟ್ಕೊಂಡಿದಾರೆ ಅಂದ್ಕೊಂಡೆ."

"ನೀಟಾಗಿ ಏನ್ ಬಂತು! ಪ್ಲಾಸ್ಟಿಕ್ ತಗೀದ ಹೆಂಗ ಆಡಿದ್ರು?"

ರೇಣುಕಾದೇವಿ ದಾನಪ್ಪನ ಕಡೆ ತಿರುಗಿದರು. ದಾನಪ್ಪ ಗಂಡನ ಜೊತೆ ಕೆಲಸ ಮಾಡಿದವನು, ಗದಗಿನ ಕಡೆಯವನು, ಗಾಲ್ಫ್ ಹುಚ್ಚಿನವನು.

"ನಾ ಎಷ್ಟೋ ಸಲ ಕರದೇನ್ರಿ ಅಕ್ಕಾರ, ಬರ್ರಿ ಒಂದ್ ಆಟ ಆಡೂಣು ಅಂತ. 'ನಮ್ಮ ಗ್ರೂಪ್ ಬ್ಯಾರೆ ಐತಿ' ಅಂತಿದ್ರು."

"ಆ ಗ್ರೂಪಿನವರು ಯಾರರ ಬಂದಾರೇನು ಇಲ್ಲೆ?"

ದಾನಪ್ಪ ಹಾಲಿನ ಸುತ್ತ ಕಣ್ಣಾಡಿಸಿದ. ಬಂದವರೆಲ್ಲ ಕನ್ನಡದವರು, ಆಫೀಸಿನವರು, ಅಕ್ಕಪಕ್ಕದ ಮನೆಯವರು. ಗಾಲ್ಫಿನವರೆನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ.

"ವಾರಾ ವಾರಾ ಎಲ್ಲಿಗೆ ಹೋಗ್ತಿದ್ರು ಹಂಗಾರ?" ರೇಣುಕಾದೇವಿ ಗಂಡನ ಮುಖವನ್ನೇ ನೋಡಿದರು. "ಈ ಊರಾಗ ಇನ್ನೊಂದ್ ಮನಿ ಮಾಡಿದ್ರೇನು?"

"ಅಮ್ಮ, ಪ್ಲೀಸ್! ಅಪ್ಪಾಜಿ? ನೋ ವೇ."

"ನಿನಗೇನ್ ಗೊತ್ತು? ನೀನೂ ಗಾಲ್ಫ್ ಅಂತ ಹೇಳಿದಾಂವ!"

ಶರಣಯ್ಯನವರು ಗಡಿಯಾರ ನೋಡಿಕೊಂಡರು. "ಆಂಟಿ, ಸ್ಮಶಾನದಾಗ ಜನ ಕಾಯಾಕತ್ತಾರ. ಕೋಲು ತಗಸ್ತೀನಿ. ನಿಮ್ಮ ಕಡಿಂದ ಆಗ್ಲಿಲ್ಲಂದ್ರ ಸೌರಭ್ ಲಿಂಗ ಇಡ್ಲಿ."

"ನಾನ ಇಡಬೇಕು ಅಂತ ಹೇಳ್ಯಾರ. ಆಸ್ಪತ್ರಿಗಿ ಹೋಗೂ ಮುಂದ ನನ್ನ ಕೈಯಾಗ ಕೊಟ್ಟು ಹೇಳ್ಯಾರ." ಅವರು ಕರಡಿಗೆಯನ್ನು ಎದೆಗೆ ಒತ್ತಿಕೊಂಡರು. "ಅದು ಯಾರ ಕೈ ಅಂತ ತಿಳೀದ ಹೆಂಗ ಇಡ್ಲಿ, ಅಯ್ಯಾರ? ಎಲ್ಲಿಗೆ ಹೋಗ್ತಿದ್ರು ಅಂತ ಯಾರರ ಹೇಳ್ರಿ. ಅಲ್ಲೀತನಾ ನಾ ಇಡಂಗಿಲ್ಲ."

ಹೇಳಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತುಬಿಟ್ಟರು.

* * *

ಶನಿವಾರ ಅಂದರೆ ಆ ಮನೆಯಲ್ಲಿ ರೊಟ್ಟಿಯ ವಾರ. ನಸುಕಿನಲ್ಲೇ ರೇಣುಕಾದೇವಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಉದುರಿಸಿ, ಫಾಯಿಲಿನಲ್ಲಿ ಸುತ್ತಿ ಕೊಡುತ್ತಿದ್ದರು. ಗಂಡನಿಗಷ್ಟೇ ಅಲ್ಲ, ಗ್ರೂಪಿನವರಿಗೂ ಸೇರಿಸಿ. ಕರಬಸಪ್ಪನವರು ಗಾಲ್ಫ್ ಬ್ಯಾಗನ್ನು ಕಾರಿಗೆ ಹಾಕಿಕೊಂಡು ಹೋದರೆ ಬರುವುದು ಊಟದ ಹೊತ್ತಿಗೆ.

ಉಳಿದ ದಿನ ಅವರದು ಅಳೆದು ತೂಗಿ ಮಾತು. ಕೌಂಟಿಯ ನೀರು ಶುದ್ಧ ಮಾಡುವ ಇಲಾಖೆಯಲ್ಲಿ ಇಂಜಿನಿಯರ್ ಆಗಿ, ಕೊಳಾಯಿಯಲ್ಲಿ ಚೊಕ್ಕ ನೀರು ಬರುವಂತೆ ನೋಡಿಕೊಂಡು, ಯಾರ ಕಣ್ಣಿಗೂ ಬೀಳದೆ ರಿಟೈರ್ ಆದವರು. ಮಗನ ಮದುವೆಯ ಫೋಟೋಗಳಲ್ಲೂ ಬಾಡಿಗೆಗೆ ಕರೆತಂದವರ ಹಾಗೆ ನಿಂತಿದ್ದಾರೆ. ಶನಿವಾರ ಮಧ್ಯಾಹ್ನ ಮಾತ್ರ ಅವರೇ ಬೇರೆ. ಸೀದಾ ಅಡುಗೆಮನೆಗೆ ಬಂದು, ಲಟ್ಟಣಿಗೆ ಎತ್ತಿಕೊಂಡು, ಕಾಲು ಅಗಲಿಸಿ ನಿಂತು, ಅದನ್ನು ನಿಧಾನಕ್ಕೆ ಬಲಹೆಗಲ ಮೇಲಕ್ಕೆ ಒಯ್ದು ಅಲ್ಲೇ ನಿಲ್ಲಿಸುತ್ತಿದ್ದರು.

"ಇವತ್ತ ಎಂಥಾ ಹೊಡೆತ ಬಿದ್ದೂವು ಅಂತಿ! ಚೆಂಡಿಗೆ ಒಂಚೂರೂ ನೋವಾಗಿಲ್ಲ ನೋಡು."

"ಚೆಂಡಿಗೆ ನೋವ್ ಆಗ್ತತೇನ್ರಿ? ಲಟ್ಟಣಿಗಿ ಇಡ್ರಿ ಕೆಳಗ. ಚಪಾತಿ ಏನ್ ನಿಮ್ಮ ಗ್ರೂಪಿನವರು ಬಂದ್ ಮಾಡ್ತಾರೇನು?"

ಆಗ ಕರಬಸಪ್ಪನವರು ನಗುತ್ತಿದ್ದರು, ಬಾಯಿ ತುಂಬ. ರೇಣುಕಾದೇವಿಯೂ ನಗುತ್ತಿದ್ದರು. ಆದರೆ ಆ ನಗು ತಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ, ಹೊರಗೆಲ್ಲಿಂದಲೋ ತಂದದ್ದು ಎಂದು ಅವರಿಗೆ ಒಳಗೊಳಗೇ ಹೊಟ್ಟೆಯುರಿಯುತ್ತಿತ್ತು.

* * *

ಹಿಂದಿನ ಬಾಗಿಲು ತೆರೆದು ಎತ್ತರದ ಮುದುಕನೊಬ್ಬ ಬಂದ. ತಿಳಿಹಳದಿ ಸ್ವೆಟರ್, ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಟೋಪಿ. ಅಮೆರಿಕದವನು. ತಡವಾಯಿತೆಂದು ಅವರಿವರಿಗೆ ತಲೆಬಾಗುತ್ತ ಸೀದಾ ಪೆಟ್ಟಿಗೆಯ ಬಳಿಗೆ ಹೋದ. ಬಹಳ ಹೊತ್ತು ನೋಡಿದ. ಆಮೇಲೆ ಹಿಂತಿರುಗಿ ಇಂಗ್ಲಿಷಿನಲ್ಲಿ, "ಇವರ ಕೈ ತಪ್ಪಾಗಿದೆ," ಎಂದ.

ಶರಣಯ್ಯನವರು ಗಾಬರಿಯಾದರು. ಇಷ್ಟಲಿಂಗದ ವಿಷಯ ಈ ಮನುಷ್ಯನಿಗೆ ಯಾರು ಹೇಳಿದರು?

"ಬಲಗೈ ಮೇಲೆ, ಎಡಗೈ ಕೆಳಗೆ ಇಟ್ಟಿದ್ದಾರೆ. ಎಡಗೈಯವರ ಹಿಡಿತ ಇದು. ಮಿಸ್ಟರ್ ಬಸಪ್ಪ ಇದನ್ನು ಕಂಡಿದ್ದರೆ ಎದ್ದು ಕೂತು ಸರಿ ಮಾಡಿಕೊಳ್ಳುತ್ತಿದ್ದರು." ಮುದುಕ ನಗಲು ಹೋದ, ಬಾಯಿ ವಕ್ರವಾಗಿ ಅಳುವೇ ಬಂತು. "ಕ್ಷಮಿಸಿ. ನಾನು ವೆಂಡೆಲ್ ಕ್ರೌಡರ್. ಪೇಪರಿನಲ್ಲಿ ಸುದ್ದಿ ಓದಿ ಬಂದೆ."

"ಅಯ್ಯೋ ಶಿವನ!" ದಾನಪ್ಪ ಎದ್ದು ನಿಂತ. "ಕ್ರೌಡರ್? ಆ ಕ್ರೌಡರ್?"

"ಯಾರವ್ರು?" ಎಂದರು ರೇಣುಕಾದೇವಿ.

"ಅಕ್ಕಾರ, ನಾವು ಈ ದೇಶಕ್ಕ ಬರೂಕಿಂತ ಮೊದಲಿನ ದೊಡ್ಡ ಆಟಗಾರ್ರಿ! ಸೌತ್ ಕ್ಯಾರೊಲಿನಾದವರು. ಚೆಂಡು ಹೊಡಿಯೂದಂದ್ರ ಇವರಂಗ ಯಾರೂ ಹೊಡೀತಿದ್ದಿಲ್ಲಂತ, ಬಾಕಿ ಆಟಗಾರರು ತಮ್ಮ ಆಟ ಬಿಟ್ಟು ಇವರನ್ನ ನೋಡ್ಕೋತ ನಿಲ್ತಿದ್ರಂತ. ಆದ್ರ..." ದಾನಪ್ಪ ದನಿ ತಗ್ಗಿಸಿದ. "ಚೆಂಡು ಬೀಳಿಸೂ ಕುಣಿ ಹತ್ರ ಹೋದ ಮ್ಯಾಲೆ ಕೈ ನಡಗ್ತಿತ್ತು. ಒಂದು ಮಾರು ದೂರದಿಂದ ಚೆಂಡು ಒಳಗ ದೂಡಾಕ ಆಗ್ತಿದ್ದಿಲ್ಲ. ಅದಕ್ಕ ಹೆಸರು ಉಳೀಲಿಲ್ಲ."

"ಪೂರ್ತಿ ನಿಜ," ಎಂದರು ಕ್ರೌಡರ್. ಕನ್ನಡ ತಿಳಿಯದಿದ್ದರೂ ಆ ಕತೆಯನ್ನು ಜನ ಹೇಳುವಾಗ ಮುಖ ಹೇಗಾಗುತ್ತದೆಂದು ಅವರಿಗೆ ಗೊತ್ತಿತ್ತು.

ರೇಣುಕಾದೇವಿ ಕುರ್ಚಿಯ ತುದಿಗೆ ಬಂದು ಇಂಗ್ಲಿಷಿನಲ್ಲೇ ಕೇಳಿದರು. "ನನ್ನ ಗಂಡ ನಿಮಗೆ ಹೇಗೆ ಗೊತ್ತು?"

* * *

ಕ್ರೌಡರ್ ಹೇಳಿದ್ದು ಇಷ್ಟು: ಊರಾಚೆ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿದೆ. ಗೆಲುವು ಸೋಲೆಲ್ಲ ಮುಗಿದ ಮೇಲೂ ಕ್ರೌಡರ್ ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಒಂದು ಬುಟ್ಟಿ ಚೆಂಡು ಹೊಡೆದು ಬರುತ್ತಿದ್ದರು. ಅಲ್ಲಿ ಕುಣಿ ಇರಲಿಲ್ಲ, ಕೈ ನಡುಗುವ ಪ್ರಶ್ನೆಯಿರಲಿಲ್ಲ.

ಒಂದು ಶನಿವಾರ ಪಕ್ಕದ ಜಾಗಕ್ಕೆ ಹೊಸ ಬ್ಯಾಗ್ ಹೊತ್ತು ಭಾರತದವರೊಬ್ಬರು ಬಂದರು. ರಿಟೈರ್ ಆದವರು ಗಾಲ್ಫ್ ಕಲಿಯಬೇಕೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಒಂದು ಕೋಲು ಹೊರಗೆಳೆದರು. ಅಷ್ಟರಲ್ಲಿ ಕ್ರೌಡರ್ ಒಂದು ಚೆಂಡು ಹೊಡೆದರು. ಬಂದವರು ಹಾಗೇ ನಿಂತರು. ಇನ್ನೊಂದು ಹೊಡೆದರು. ಬಂದವರು ಕೋಲನ್ನು ಬ್ಯಾಗಿಗೆ ತುರುಕಿ, ಹಿಂದಿನ ಬೆಂಚಿನ ಮೇಲೆ ಕೂತರು. ಬುಟ್ಟಿ ಬಹುಪಾಲು ಖಾಲಿಯಾಗುವವರೆಗೂ ಏಳಲಿಲ್ಲ.

"ನೀವು ಹೊಡೆಯುವುದಿಲ್ಲವೇ?" ಎಂದು ಕ್ರೌಡರ್ ಕೇಳಿದರು.

"ಇದನ್ನು ನೋಡಿದ ಮೇಲೆ ನಾನ್ಯಾಕೆ ಹೊಡೆಯಲಿ?" ಎಂದರು ಕರಬಸಪ್ಪ. ಆಮೇಲೆ ಬುಟ್ಟಿಯ ಕಡೆ ನೋಡಿ, ಮೂಲೆಯಲ್ಲಿ ಉಳಿದಿದ್ದ ಒಂದೇ ಚೆಂಡನ್ನು ತೋರಿಸಿ, "ಒನ್ ಮೋರ್," ಎಂದರು.

ಮುಂದಿನ ಶನಿವಾರವೂ ಬಂದರು. ಅದರ ಮುಂದಿನದಕ್ಕೂ. ಕೆಲವು ಹೊಡೆತಕ್ಕೆ ಕಣ್ಣು ಬಿಟ್ಟು, ಕೆಲವಕ್ಕೆ ಕಣ್ಣು ಮುಚ್ಚಿ ಸದ್ದು ಕೇಳುತ್ತ ಕೂತಿರುತ್ತಿದ್ದರು. ಕೊರೋನಾ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು ಬೆಂಚನ್ನು ದೂರ ಎಳೆದು ಕೂತರು, ತಪ್ಪಿಸಲಿಲ್ಲ.

* * *

"ಒಬ್ಬರೇ ಬರುತ್ತಿದ್ದರಾ?" ಎಂದರು ರೇಣುಕಾದೇವಿ.

"ಯಾವಾಗಲೂ ಒಬ್ಬರೇ. ಇಬ್ಬರಿಗೂ ಮಿಗುವಷ್ಟು ತಿಂಡಿ ಮಾತ್ರ ತರುತ್ತಿದ್ದರು. ಫಾಯಿಲಿನಲ್ಲಿ ಬಿಳೀ ರೊಟ್ಟಿ, ಒಳಗೆ ಕಡಲೇಕಾಯಿ ಪುಡಿ."

ರೇಣುಕಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡನ ಗ್ರೂಪ್ ಕೊನೆಗೂ ಬಂದಿತ್ತು, ಊರುಗೋಲು ಹಿಡಿದುಕೊಂಡು.

"ಖಾರ ಆಗುತ್ತಿತ್ತಾ?"

"ಮೊದಲ ದಿನ ಅತ್ತುಬಿಟ್ಟೆ, ಮೇಡಂ. ಆಮೇಲೆ ಶುಕ್ರವಾರದಿಂದಲೇ ಕಾಯುತ್ತಿದ್ದೆ."

"ಆದರೆ ನೋಡುವುದರಲ್ಲಿ ಏನಿತ್ತು?" ರೇಣುಕಾದೇವಿಗೆ ಸಮಾಧಾನವೂ ಆಗಿತ್ತು, ಸಿಟ್ಟೂ ಬರುತ್ತಿತ್ತು. "ಅಷ್ಟು ವರ್ಷ, ಅದೇ ಬೆಂಚು, ಅದೇ ಹೊಡೆತ! ಮನೆಯಲ್ಲಿ ಸುಳ್ಳು ಹೇಳಿ ಬರುವಂಥದ್ದು ಏನಿತ್ತು?"

"ನಾನೂ ಕೇಳಿದ್ದೆ. ಹೆಂಡತಿಗೆ ಹೇಳಿದರೆ ನಗುತ್ತಾಳೆ ಎಂದರು. ಏನು ಕಾಣುತ್ತದೆ ಅಂದರೆ, ಹೇಳಲು ಬರುವುದಿಲ್ಲ ಎಂದರು. ನಿಜ ಹೇಳಲೇ? ನನಗೂ ಗೊತ್ತಿಲ್ಲ."

ರೇಣುಕಾದೇವಿ ಎದ್ದರು. ಫ್ಯೂನರಲ್ ಹೋಮಿನ ಲೇಡಿಗೆ ಸನ್ನೆ ಮಾಡಿ ಕೋಲನ್ನು ಬಿಡಿಸಲು ಹೇಳಿದರು. ಆಕೆ ಸಂಕೋಚದಿಂದ ಒಂದೊಂದೇ ಬೆರಳು ಸಡಿಲಿಸಿ ಅದನ್ನು ಹೊರಗೆ ತೆಗೆದರು. ರೇಣುಕಾದೇವಿ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದು, ಕೋಲನ್ನು ಕ್ರೌಡರ್ ಕೈಗೆ ಕೊಟ್ಟರು.

"ಹೊಡೆಯಿರಿ. ನೋಡುತ್ತೇನೆ."

"ಅಮ್ಮ, ಇಲ್ಲೇನಾ? ಇದು ಫ್ಯೂನರಲ್ ಹೋಮ್!"

"ನೀ ಸುಮ್ನಿರು."

ಪಕ್ಕದ ಬಾಗಿಲ ಹೊರಗೆ ಹುಲ್ಲಿನ ಜಾಗ, ಅದರಾಚೆ ಯಾರದೂ ಮನೆಯಿಲ್ಲದ ಪೈನ್ ಮರಗಳು. ಕ್ರೌಡರ್ ಸ್ವೆಟರ್ ಜೇಬಿನಿಂದ ಎರಡು ಚೆಂಡು ತೆಗೆದರು. ಗೆಳೆಯನ ಜೊತೆ ಇಟ್ಟು ಕಳಿಸೋಣವೆಂದು ತಂದದ್ದಂತೆ. ಊರುಗೋಲನ್ನು ಸೌರಭನಿಗೆ ಕೊಟ್ಟು, ಚೆಂಡಿನ ಮುಂದೆ ನಿಂತರು. ನಿಂತದ್ದೇ ತಡ, ಬಾಗಿದ್ದ ಬೆನ್ನು ಎಲ್ಲಿ ಹೋಯಿತೋ!

ಕೋಲು ಹಿಂದಕ್ಕೆ ಹೋದದ್ದು ಎಷ್ಟು ನಿಧಾನವೆಂದರೆ, ಮುದುಕ ನಡುವೆ ಮರೆತುಬಿಟ್ಟನೇನೋ ಎಂದು ಸ್ಮಿತಾಗೆ ಅನ್ನಿಸಿತು. ಹೆಗಲ ಮೇಲೆ ಒಂದು ಗಳಿಗೆ ನಿಂತಿತು, ಅಡುಗೆಮನೆಯಲ್ಲಿ ಲಟ್ಟಣಿಗೆ ನಿಲ್ಲುತ್ತಿದ್ದ ಜಾಗದಲ್ಲೇ. ಆಮೇಲೆ ಸೊಂಟ ತಿರುಗಿತು, ಅದರ ಹಿಂದೆ ಹೆಗಲು, ಎಲ್ಲಕ್ಕೂ ಕಡೆಗೆ ಕೈ. ಯಾವುದಕ್ಕೂ ಅವಸರವಿರಲಿಲ್ಲ, ಯಾವುದೂ ತಡವಾಗಲಿಲ್ಲ. ಠಕ್. ಚೆನ್ನಾಗಿ ಕೂರುವ ಬಾಗಿಲಿಗೆ ಅಗುಳಿ ಬಿದ್ದ ಹಾಗೆ, ಅಷ್ಟೇ ಸದ್ದು. ಕೆಂಪು ಮಣ್ಣಿನ ಸಮೇತ ಅಂಗೈಯಗಲ ಹುಲ್ಲು ಹಾರಿ ಬಿತ್ತು. ಚೆಂಡು ಪೈನ್ ಮರಗಳ ಮೇಲೆ ಏರುತ್ತ ಏರುತ್ತ ಬೆಳಕಿನಲ್ಲಿ ಕರಗಿತು.

ದಾನಪ್ಪ ಬಾಯಿ ತೆರೆದದ್ದು ಮುಚ್ಚಲಿಲ್ಲ. ರೇಣುಕಾದೇವಿಗೆ ಏನೂ ತಿಳಿಯಲಿಲ್ಲ. ಇಷ್ಟೇನಾ? ಇಷ್ಟಕ್ಕಾ? ನಗು ಬಂತು, ಅದರ ಬೆನ್ನಿಗೇ ಅಳು. ಎರಡರಲ್ಲಿ ಯಾವುದನ್ನು ತಡೆಯಬೇಕೆಂದು ಗೊತ್ತಾಗದೆ ಒಳಗೆ ಬಂದರು.

ಪೆಟ್ಟಿಗೆಯಲ್ಲಿ ಗಂಡನ ಎಡ ಅಂಗೈ ಈಗ ಬಿಚ್ಚಿಕೊಂಡಿತ್ತು. ಕರಡಿಗೆಯಿಂದ ಲಿಂಗ ತೆಗೆದು, ವಿಭೂತಿ ಹಚ್ಚಿ, ಆ ಅಂಗೈಯಲ್ಲಿಟ್ಟರು. ಬೆರಳುಗಳನ್ನು ತಾವೇ ಮಡಚಿ, ಕೆಳಗೆ ತಮ್ಮ ಕೈ ಕೊಟ್ಟರು. ಶರಣಯ್ಯನವರು ಮಂತ್ರಕ್ಕೆ ಬಾಯಿ ತೆರೆದರು.

"ಸ್ವಲ್ಪ ತಡೀರಿ, ಅಯ್ಯಾರ. ಆ ಬಾಗಲಾ ಪೂರಾ ತಗದ್ ಹಿಡೀರಿ."

ಶರಣಯ್ಯನವರು ಹೋಗಿ, ಮಡಿಯುಟ್ಟ ಮೈಯಲ್ಲೇ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹೊರಗೆ ಕ್ರೌಡರ್ ಉಳಿದಿದ್ದ ಚೆಂಡನ್ನು ಹುಲ್ಲಿನ ಮೇಲಿಟ್ಟು ಒಳಗೆ ನೋಡಿದರು. ರೇಣುಕಾದೇವಿ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು.

ಠಕ್.

ಚೆಂಡು ಎಲ್ಲಿಗೆ ಹೋಯಿತೆಂದು ಜನರೆಲ್ಲ ಹೊರಗೆ ಕತ್ತು ಚಾಚಿದರು. ರೇಣುಕಾದೇವಿ ಗಂಡನ ಕೈ ಹಿಡಿದು, ಮುಚ್ಚಿದ ಕಣ್ಣು ಮುಚ್ಚಿದಂತೆಯೇ, "ಒನ್ ಮೋರ್," ಎಂದರು.