ಹತ್ತದ ಕೆಂಪು ದೀಪ

"ಹೀರೋ, ಇನ್ನೊಂದು ತಂತಿ ಎಲ್ಲೋ?"

ಜೊತೆಯ ಮೆಕ್ಯಾನಿಕ್ ದೊಡ್ಡಣ್ಣ ಚೀಲವನ್ನು ಲಿಫ್ಟಿನ ಮೋಟಾರಿನ ಪಕ್ಕ ಬಿಚ್ಚಿಟ್ಟು ಕೇಳಿದ. ಆಫೀಸು ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆ ಅದು. ಒಳಗೆಲ್ಲ ಗ್ರೀಸಿನ ವಾಸನೆ, ತಗಡಿನ ಬಾಗಿಲು ಮುಟ್ಟಿದರೆ ಸುಡುತ್ತಿತ್ತು. ಚೀಲದಲ್ಲಿ ಸಾಲಾಗಿ ಹೊಲಿದ ಗೂಡುಗಳು, ಗೂಡಿಗೊಂದು ಗೇಣುದ್ದದ ಕೆಂಪು ತಂತಿ. ಒಂದು ಗೂಡು ಖಾಲಿಯಿತ್ತು.

ಬಾಗಿಲು ಮುಚ್ಚಿದೆ ಎಂದು ಲಿಫ್ಟನ್ನು ನಂಬಿಸಿ ಪರೀಕ್ಷೆ ಮಾಡುವುದಕ್ಕೆ ಆ ತಂತಿ. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಲು ಮರೆತರೆ ಲಿಫ್ಟು ಬಾಗಿಲು ತೆರೆದುಕೊಂಡೇ ಮೇಲೇರುತ್ತದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟವನ ಗತಿ ಏನೆಂದು ಹೇಳಬೇಕಿಲ್ಲ. ಅದಕ್ಕೇ ಯಾವ ಕಟ್ಟಡ ಬಿಡುವಾಗಲೂ ಚೀಲ ನೋಡಿಯೇ ಹೊರಡುವುದು ಅವರ ಕಟ್ಟಳೆ.

"ಶನಿವಾರ ಸಾಯಂಕಾಲ ಎಲ್ಲ ಇದೆ ಅಂದವನು ನೀನೇ. ಕೊನೇಲಿ ಮಾಡಿದ್ದು ಹೆರಿಗೆ ಆಸ್ಪತ್ರೆ ಲಿಫ್ಟು." ದೊಡ್ಡಣ್ಣನ ಮುಖ ಬಿಳಿಚಿಕೊಂಡಿತ್ತು. "ಅಲ್ಲೇನಾದ್ರೂ ಬಿಟ್ಟು ಬಂದ್ಯೇನೋ?"

ಹೀರೋ ಖಾಲಿ ಗೂಡನ್ನು ಬೆರಳಲ್ಲಿ ತಡವಿದ. ತಂತಿ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀರೋ ಎಂಬ ಹೆಸರು ಬಂದದ್ದು ಗಾಡಿಯಿಂದ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಎರಡು ಬಾಗಿಲಿನ ಹಳದಿ ಸ್ಪೋರ್ಟ್ಸ್ ಕಾರು. ಇಬ್ಬರ ಕೈ ದಾಟಿ ಬಂದದ್ದರಿಂದ ಲಿಫ್ಟ್ ಮೆಕ್ಯಾನಿಕ್ಕಿನ ಕೈಗೂ ಎಟುಕಿತ್ತು. ಗಾಡಿಗೆ ವಯಸ್ಸಾಗಿ ಬೆಲೆ ಇಳಿದಿತ್ತು ನಿಜ, ಆದರೆ ಬಿಡಿಭಾಗಗಳ ಬೆಲೆಗೆ ವಯಸ್ಸಾಗಿರಲಿಲ್ಲ. ಸ್ಪೋರ್ಟ್ಸ್ ಎಂಬ ಪದ ಕೇಳಿದ ಕೂಡಲೇ ವಿಮೆಯವನು ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತ. ಮುಂದಿನ ಟೈರು ಒಂದು ಅಳತೆ, ಹಿಂದಿನದು ಇನ್ನೊಂದು. ಅದಲು ಬದಲು ಮಾಡಿ ಕಾಲ ತಳ್ಳುವಂತೆಯೂ ಇರಲಿಲ್ಲ. ಹೆಂಡತಿ ಹೊಸ ಹೊಲಿಗೆ ಮೆಷಿನ್ನಿಗೆಂದು ಕೂಡಿಟ್ಟದ್ದು ಆ ಟೈರುಗಳಿಗೆ ಹೋಯಿತು.

"ಇನ್ನೊಂದು ಸಲ ಈ ಗಾಡಿ ದುಡ್ಡು ಕೇಳಿದ್ರೆ ಮಾರಿಬಿಡ್ತೀನಿ," ಎಂದಿದ್ದಳು ಅವಳು. "ನಿಮ್ಮನ್ನೂ ಸೇರಿಸಿ."

ಆಮೇಲೆ ಬ್ರೇಕಿನ ಕೆಂಪು ದೀಪ ಹತ್ತಿತು. ಬ್ರೇಕಿನ ಪ್ಯಾಡು ಸವೆದು ಒಳಗಿನ ತಂತಿ ತುಂಡಾದರೆ ಹತ್ತುವ ದೀಪ ಅದು. ಶೋರೂಮಿನವರು ಹೇಳಿದ ಬೆಲೆ ಕೇಳಿ ಹೀರೋ ನೀರು ಕುಡಿದು ಎದ್ದುಬಂದ. ಸಂಬಳ ಬರುವವರೆಗೆ ಗಾಡಿ ಮನೆಯಲ್ಲೇ ನಿಲ್ಲಲಿ, ಹೆಂಡತಿಯ ಕಣ್ಣಿಗೆ ದೀಪ ಬೀಳದಿದ್ದರೆ ಸಾಕು ಎಂದುಕೊಂಡ. ಭಾನುವಾರ ಮುಂದಿನ ಚಕ್ರದ ಹಿಂದೆ ಕೈ ಹಾಕಿ, ಲಿಫ್ಟಿಗೆ ಮಾಡುವ ಹಾಗೆಯೇ ಚೀಲದಿಂದ ತೆಗೆದ ಕೆಂಪು ತಂತಿಯ ಎರಡು ತುದಿ ಸಿಕ್ಕಿಸಿದ. ಬ್ರೇಕು ಸರಿಯಿದೆ ಎಂದು ಗಾಡಿ ನಂಬಿತು. ಗಾಡಿಯ ಬೀಗದ ಕೈ ಮಾತ್ರ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಬಚ್ಚಿಟ್ಟರೆ ಯಾಕೆ ಅಂತ ಕೇಳುತ್ತಾಳಲ್ಲ.

ಮೋಟಾರು ಕೋಣೆಯಲ್ಲಿ ಹೀರೋನ ಫೋನು ಬಡಿದುಕೊಂಡಿತು. ಅವಳೇ.

"ರೀ, ಅಕ್ಕನಿಗೆ ಜ್ವರ ಅಂತ ಪಾಪುನ ಕರಕೊಂಡು ಗುಡ್ಡದ ಮೇಲೆ ಬಂದಿದ್ದೆ. ಈಗ ಹೊರಟೆ. ನಿಮ್ಮ ಗಾಡಿಲೇ ಬಂದೆ, ಬೈಬೇಡಿ."

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಚಕ್ರದ ಹತ್ರ ಏನೋ ಕರಕರ ಅಂತಿದೆ. ಆದ್ರೆ ಕೆಂಪು ದೀಪ ಹತ್ತಿಲ್ಲ. ದೀಪ ಹತ್ತದೇ ಇದ್ರೆ ಭಯ ಇಲ್ಲ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ?"

ದೊಡ್ಡಣ್ಣ ಎದುರಿಗೇ ನಿಂತಿದ್ದ. ಆ ಬೆಲೆ, ಆ ಮೆಷಿನ್ನು, ಆ ಸುಳ್ಳು ಎಲ್ಲ ಒಟ್ಟಿಗೆ ಹೀರೋನ ಕಣ್ಣ ಮುಂದೆ ಬಂದವು.

"ನಿಧಾನವಾಗಿ ಬಾ," ಎಂದ.

ಅವಳು ಫೋನಿಟ್ಟಳು. ತಾನು ಹೇಳಿದ್ದೇನು ಎಂದು ಅವನಿಗೆ ಆಗ ಹೊಳೆಯಿತು. ತಿರುಗಿ ಮಾಡಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಬ್ಯಾಗಿನೊಳಗಿರಬೇಕು, ಅದನ್ನೂ ಅವನೇ ಹೇಳಿಕೊಟ್ಟಿದ್ದ. ಮತ್ತೆ ಮಾಡಿದ, ಮತ್ತೆ. ಅತ್ತ ದೊಡ್ಡಣ್ಣ ಆಸ್ಪತ್ರೆಗೆ ಫೋನು ಹಚ್ಚುತ್ತಿದ್ದ.

"ಬೇಡ. ಆ ತಂತಿ ನನ್ನ ಕಾರಲ್ಲಿದೆ. ಬ್ರೇಕಿನ ದೀಪಕ್ಕೆ ಹಾಕಿದೀನಿ."

"ಏನಂದೆ?"

"ಅವಳು ಓಡಿಸ್ತಿದಾಳೆ. ಗುಡ್ಡ ಇಳೀತಿದಾಳೆ. ಪಾಪುನೂ ಇದೆ."

ದೊಡ್ಡಣ್ಣ ಬೈಯಲಿಲ್ಲ, ಬೈಕಿನ ಕೀಲಿ ತೆಗೆದುಕೊಂಡ. ಹೀರೋ ಚೀಲ ಹೆಗಲಿಗೆ ಹಾಕಿಕೊಂಡ. ಲಿಫ್ಟಿಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ, ಮೆಟ್ಟಿಲಲ್ಲೇ ಓಡಿದರು.

ಗುಡ್ಡದ ರಸ್ತೆ ನೇರ ಬಂದು ಸಂತೆಬೀದಿಯ ಸಿಗ್ನಲ್ಲಿಗೆ ಇಳಿಯುತ್ತದೆ. ಅಡ್ಡರಸ್ತೆಯಲ್ಲಿ ಬಸ್ಸುಗಳಿಗೆ ಬಿಡುವೇ ಇರುವುದಿಲ್ಲ. ಹೀರೋ ಹಿಂದೆ ಕೂತು ಫೋನು ಒತ್ತುತ್ತಲೇ ಇದ್ದ. ಸಿಗ್ನಲ್ಲಿನ ಬಳಿ ಜನ ಗುಂಪು ಕಟ್ಟಿದ್ದು ಕಂಡಿತು. ಯಾರೋ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಅವನು ಬೈಕಿನಿಂದ ಇಳಿದು ಓಡಿದ. ಹತ್ತಿರ ಹೋದರೆ ಒಡೆದ ನೀರಿನ ಪೈಪು, ಪಕ್ಕದ ಅಂಗಡಿಗೆ ನೀರು ನುಗ್ಗಿತ್ತು. ಅವನು ಮತ್ತೆ ಫೋನು ಒತ್ತಿದ.

ತಲೆಯೆತ್ತಿದಾಗ ಮೇಲಿನ ತಿರುವಿನಲ್ಲಿ ಹಳದಿ ಗಾಡಿ ಕಾಣಿಸಿತು. ಬಿಸಿಲಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಅವನು ರಸ್ತೆ ಮಧ್ಯಕ್ಕೆ ಓಡಿ ಎರಡೂ ಕೈ ಬೀಸಿದ. "ನಿಲ್ಸು! ಗೇರು ಇಳಿಸು!"

ಅವಳಿಗೆ ಕಂಡದ್ದು ಕೈ ಬೀಸುವ ಗಂಡ ಮಾತ್ರ. ಹೆಡ್‌ಲೈಟು ಮಿಣುಕಿಸಿದಳು. ಹಿಂದಿನ ಇಕ್ಕಟ್ಟು ಸೀಟಿನಿಂದ ಮಗಳು ಮುಂದೆ ಬಾಗಿ ಕೈಯಾಡಿಸಿದಳು.

ಸಿಗ್ನಲ್ಲು ಕೆಂಪಾಯಿತು. ಅವಳು ಬ್ರೇಕು ತುಳಿದಳು. ಕಬ್ಬಿಣ ಕಬ್ಬಿಣವನ್ನು ಕೆರೆಯುವ ಸದ್ದಿಗೆ ಪೈಪಿನ ಸುತ್ತ ನಿಂತವರೆಲ್ಲ ತಿರುಗಿದರು. ನಿಲ್ಲಬೇಕಾದಲ್ಲಿ ಗಾಡಿ ನಿಲ್ಲಲಿಲ್ಲ. ದೊಡ್ಡಣ್ಣ ಹೀರೋನ ಅಂಗಿ ಹಿಡಿದು ಬದಿಗೆಳೆದ. ಗಾಡಿ ಬಿಳಿ ಗೆರೆ ದಾಟಿತು, ಇನ್ನೂ ದಾಟಿತು. ಅವಳು ಹ್ಯಾಂಡ್‌ಬ್ರೇಕು ಜಗ್ಗಿದಳು. ಹಿಂಭಾಗ ಓರೆಯಾಗಿ ಜಾರಿ ಗಾಡಿ ನಿಂತಿತು. ಅದರ ಮೂತಿಗೆ ಗಾಳಿ ಹೊಡೆಯುವಷ್ಟು ಹತ್ತಿರದಲ್ಲಿ ಒಂದು ಬಸ್ಸು ಹಾರ್ನು ಒತ್ತಿಕೊಂಡೇ ಹೋಯಿತು.

ನಾಲ್ಕು ಜನ ಸೇರಿ ಗಾಡಿಯನ್ನು ಬದಿಗೆ ತಳ್ಳಿದರು. ಅವಳ ಕೈ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ದೀಪ ಹತ್ತಲೇ ಇಲ್ಲ ಕಣ್ರೀ," ಎಂದಳು. "ದಾರಿಯುದ್ದಕ್ಕೂ ದೀಪಾನೇ ನೋಡ್ತಿದ್ದೆ."

ಹೀರೋ ಮಂಡಿಯೂರಿ ಚಕ್ರದ ಹಿಂದೆ ಕೈ ಹಾಕಿದ. ಬೆರಳು ಚುರ್ರೆಂದಿತು. ತಂತಿ ಕಿತ್ತ.

"ಅಪ್ಪಾ, ಕೆಂಪು ದೀಪ ಬಂತು!" ಒಳಗಿನಿಂದ ಮಗಳು ಖುಷಿಯಲ್ಲಿ ಕೂಗಿದಳು.

ಹೆಂಡತಿ ದೀಪ ನೋಡಿದಳು, ಆಮೇಲೆ ಅವನ ಕೈಯಲ್ಲಿದ್ದ ತಂತಿ ನೋಡಿದಳು. ಆ ಚೀಲದ ಗೂಡುಗಳನ್ನು ಹೊಲಿದವಳು ಅವಳೇ. ಯಾವುದಕ್ಕೆ ಎಂದು ಅಂದೇ ಕೇಳಿ ತಿಳಿದಿದ್ದಳು.

ಅವಳು ಇಳಿದು ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು. "ಫೋನಲ್ಲಿ ಯಾಕೆ ಹೇಳಲಿಲ್ಲ?"

ಅವನು ತಂತಿಯನ್ನು ಬೆರಳಿಗೆ ಸುತ್ತಿಕೊಂಡ. ಅವಳು ದೊಡ್ಡಣ್ಣನ ಕಡೆ ತಿರುಗಿದಳು. "ಲಿಫ್ಟಲ್ಲೂ ಹೀಗೇ ಮಾಡ್ತಾರಾ ಅಣ್ಣ?"

"ಇಲ್ಲಮ್ಮ," ಎಂದ ದೊಡ್ಡಣ್ಣ. ಹಾಗೆಂದ ಮೇಲೆ ಯಾಕೋ ಹೀರೋನ ಮುಖ ನೋಡಿದ.

ಅವಳು ಬಸ್ ಸ್ಟಾಪಿನತ್ತ ನಡೆದಳು. ಹೀರೋ ತಂತಿಯನ್ನು ಚೀಲಕ್ಕೆ ಹಾಕಲು ಹೋದ. ದೊಡ್ಡಣ್ಣ ಅದನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ಚೀಲ ಇನ್ಮೇಲೆ ನನ್ನ ಹತ್ರ ಇರ್ಲಿ," ಎಂದ. ಆಮೇಲೆ ಫೋನು ತೆಗೆದು ಹೆರಿಗೆ ಆಸ್ಪತ್ರೆಗೆ ಹಚ್ಚಿದ. "ನಮಸ್ಕಾರ, ಲಿಫ್ಟಿನವರು. ನಾವು ಬರೋವರೆಗೂ ಅದನ್ನ ನಿಲ್ಲಿಸಿಡಿ. ಇನ್ನೊಂದು ಸಲ ನೋಡಬೇಕು."